ಔಷಧದಾನ ಮತ್ತು ಅಭಯದಾನ: ರಣಹದ್ದುಗಳ ಮೇಲಿನ ಔಷಧಪ್ರಯೋಗಗಳ ಒಂದು ವಿಮರ್ಶೆ

ರಾಮನಗರದ ರಾಮದೇವರ ಬೆಟ್ಟವೆಂದೊಡನೆ ಬಹುಮಂದಿಗೆ ನೆನಪಾಗುವುದು 1975ರಲ್ಲಿ ತೆರೆಕಂಡ 'ಶೋಲೆ' ಚಲನಚಿತ್ರ. ಆ ಬಂಡೆಗಳ ಹಳೆಯ ನಿವಾಸಿಗಳು ಮಾತ್ರ ಬೇರೆಯೇ ಇದ್ದಾರೆ. ಕಡಿದಾದ ಕಲ್ಲಿನ ಚಾಚುಗಳಲ್ಲಿ ಗೂಡು ಕಟ್ಟಿ ತಲೆತಲಾಂತರದಿಂದ ಬಾಳಿದ ಉದ್ದ ಕೊಕ್ಕಿನ ರಣಹದ್ದುಗಳಿಗೆ ಆ ಬೆಟ್ಟ ತವರು. 2012ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಅಲ್ಲಿಯ ಸುಮಾರು 346 ಹೆಕ್ಟೇರು ಪ್ರದೇಶವನ್ನು ರಣಹದ್ದು ವನ್ಯಧಾಮವೆಂದು ಘೋಷಿಸಿತು. ಈ ಹಕ್ಕಿಗಾಗಿಯೇ ಮೀಸಲಾದ ವನ್ಯಧಾಮ ದೇಶದಲ್ಲಿ ಅದೇ ಮೊದಲನೆಯದು. ಘೋಷಣೆಯಾಗುವ ಹೊತ್ತಿಗೆ ಅಲ್ಲಿ ಉಳಿದಿದ್ದ ಹಕ್ಕಿಗಳು ಬೆರಳೆಣಿಕೆಯಷ್ಟು. ಮಾಗಡಿ ತಾಲ್ಲೂಕಿನ ಸಾವನದುರ್ಗದ ಹೆಬ್ಬಂಡೆಯೂ ಒಂದು ಕಾಲಕ್ಕೆ ರಣಹದ್ದುಗಳ ನೆಲೆಯಾಗಿತ್ತು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ರಾಮನಗರ ಜಿಲ್ಲೆಯಾಗಿ ಒಂದುಗೂಡಿದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದಿತು. ರಾಗಿ, ರೇಷ್ಮೆ, ಹಾಲು ಈ ಸೀಮೆಯ ಜೀವನಾಧಾರ. ಹಳ್ಳಿಕಾರ್ ತಳಿಯ ಎತ್ತುಗಳಿಗೆ ಹೆಸರಾದ ನೆಲವಿದು. ರಾಸು ಸತ್ತರೆ ಊರಾಚೆಯ ಬಯಲಿಗೆ ಸಾಗಿಸುವುದು ಹಿಂದಿನ ವಾಡಿಕೆ. ಉಳಿದ ಕೆಲಸವನ್ನು ಆಕಾಶದಿಂದ ಇಳಿದ ರಣಹದ್ದುಗಳ ಹಿಂಡು ಕೆಲವೇ ಗಂಟೆಗಳಲ್ಲಿ ಮುಗಿಸುತ್ತಿತ್ತು. ಕೊಲ್ಲದೆ, ಸತ್ತುದನ್ನಷ್ಟೇ ತಿಂದು ಊರನ್ನು ಶುಚಿಯಾಗಿಡುವ ಈ ಜೀವಿ 1990ರ ದಶಕದಲ್ಲಿ ಇದ್ದಕ್ಕಿದ್ದಂತೆ ಕಣ್ಮರೆಯಾಗತೊಡಗಿತು. 1992ರಿಂದ 2007ರವರೆಗಿನ ಹದಿನೈದು ವರ್ಷಗಳಲ್ಲಿ ಭಾರತದ ಬಿಳಿ ಬೆನ್ನಿನ ರಣಹದ್ದುಗಳು ನೂರಕ್ಕೆ 99.9ರಷ್ಟು, ಉದ್ದ ಕೊಕ್ಕಿನವು ಮತ್ತು ತೆಳು ಕೊಕ್ಕಿನವು ಒಟ್ಟಾಗಿ ನೂರಕ್ಕೆ ಸುಮಾರು 97ರಷ್ಟು ಕಡಿಮೆಯಾದುವೆಂದು ಸಮೀಕ್ಷೆಗಳು ತೋರಿಸಿದವು. ಒಂದೊಂದು ಬೆಟ್ಟದ ಮಟ್ಟಿಗೆ ಜನರ ಗದ್ದಲ, ಆಹಾರದ ಅಭಾವ ಮೊದಲಾದ ಕಾರಣಗಳೂ ಸೇರಿರಬಹುದು. ದೇಶದುದ್ದಕ್ಕೂ ಈ ಕುಲವನ್ನು ನೆಲಕ್ಕುರುಳಿಸಿದ ಪ್ರಧಾನ ಕಾರಣವು ಒಂದು ಔಷಧ. ಅದು ದನಗಳ ನೋವನ್ನು ಶಮನಗೊಳಿಸಲೆಂದು ಕರುಣೆಯಿಂದ ಚುಚ್ಚಲಾಗುತ್ತಿದ್ದ ಡೈಕ್ಲೋಫೆನಾಕ್.

ಈ ಸಂಗತಿಯನ್ನು ಬೆಳಕಿಗೆ ತಂದದ್ದು ಪ್ರಾಯೋಗಿಕ ಔಷಧಶಾಸ್ತ್ರ. ಆ ಶಾಸ್ತ್ರದ ಎರಡು ಪ್ರಬಂಧಗಳು ಇಲ್ಲಿ ವಿಮರ್ಶೆಗೆ ವಿಷಯವಾಗಿವೆ. ಮೊದಲನೆಯದು ಜೆ. ಲಿಂಡ್ಸೆ ಓಕ್ಸ್ ಮತ್ತು ಸಹೋದ್ಯೋಗಿಗಳು 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಎರಡನೆಯದು ಗೆರ್ರಿ ಸ್ವಾನ್ ಮತ್ತು ಸಹೋದ್ಯೋಗಿಗಳು 2006ರಲ್ಲಿ 'ಪ್ಲಾಸ್ ಬಯಾಲಜಿ' ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಹಕ್ಕಿಯ ಕುಲವನ್ನು ಉಳಿಸಲು ಕೆಲವು ಹಕ್ಕಿಗಳಿಗೆ ಔಷಧವುಣಿಸಿ ನೋಡಿದ ಪ್ರಯೋಗಗಳಿವು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಸಮಾಜವು ಇಂತಹ ಪ್ರಯೋಗಗಳನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದು ವಿಚಾರಾರ್ಹ ಪ್ರಶ್ನೆ. ಗೋಶಾಲೆ, ಪಿಂಜರಾಪೋಳಗಳನ್ನು ನಡೆಸುವ ಟ್ರಸ್ಟುಗಳಿಗಂತೂ ಇದು ನಿತ್ಯದ ಆಚರಣೆಗೆ ಸೇರಿದ ಪ್ರಶ್ನೆಯಾಗಿದೆ.

ಒಡಲೊಳಗೆ ಔಷಧದ ನಡೆ

ಪೆಟ್ಟು ಬಿದ್ದಲ್ಲಿ ಅಥವಾ ಸೋಂಕು ತಗುಲಿದಲ್ಲಿ ದೇಹವು ಪ್ರೋಸ್ಟಾಗ್ಲಾಂಡಿನ್ ಎಂಬ ದ್ರವ್ಯಗಳನ್ನು ಉತ್ಪಾದಿಸುತ್ತದೆ. ಊತ, ನೋವು, ಜ್ವರಗಳು ಇವುಗಳ ಪರಿಣಾಮ. ಆಸ್ಪಿರಿನ್ನಿನಂತಹ ಔಷಧಗಳು ಈ ಉತ್ಪಾದನೆಯನ್ನೇ ತಡೆಯುತ್ತವೆಂದು 1971ರಲ್ಲಿ ಜಾನ್ ವೇನ್ ತೋರಿಸಿದರು. ಗಿನಿ ಇಲಿಯ ಶ್ವಾಸಕೋಶದ ಅಂಶವನ್ನು ಬಳಸಿ ನಡೆಸಿದ ಆ ಶೋಧನೆ ಅವರಿಗೆ 1982ರ ನೊಬೆಲ್ ಪಾರಿತೋಷಕದಲ್ಲಿ ಪಾಲು ತಂದುಕೊಟ್ಟಿತು. ಡೈಕ್ಲೋಫೆನಾಕ್ ಕೂಡ ಇದೇ ವರ್ಗದ ಮದ್ದು. ಮನುಷ್ಯರ ಕೀಲುನೋವಿಗೆ ಪ್ರಸಿದ್ಧವಾದ ಮೇಲೆ ಅದು ದನಗಳ ಕೊಟ್ಟಿಗೆಯನ್ನೂ ಪ್ರವೇಶಿಸಿತು. ಬೆಲೆ ಅಗ್ಗ, ಪರಿಣಾಮ ಶೀಘ್ರ. ಕುಂಟುತ್ತಿದ್ದ ಎತ್ತು ಎದ್ದು ನಿಲ್ಲುತ್ತಿತ್ತು. ಕೆಚ್ಚಲು ಬಾತ ಹಸು ಮೇವು ಮುಟ್ಟುತ್ತಿತ್ತು.

ಒಂದೇ ದ್ರವ್ಯವು ಎಲ್ಲ ದೇಹಗಳಲ್ಲಿಯೂ ಒಂದೇ ರೀತಿ ವರ್ತಿಸುವುದಿಲ್ಲ. ಹಸು ತನ್ನ ದೇಹದ ಸಾರಜನಕದ ಕಲ್ಮಷವನ್ನು ಯೂರಿಯಾ ರೂಪದಲ್ಲಿ ಮೂತ್ರದ ಮೂಲಕ ಹೊರಹಾಕುತ್ತದೆ. ಹಕ್ಕಿಯು ಅದನ್ನು ಯೂರಿಕ್ ಆಮ್ಲವನ್ನಾಗಿಸಿ ಹೊರಹಾಕಬೇಕು. ಇದು ಮುಖ್ಯವಾಗಿ ಮೂತ್ರಪಿಂಡದ ಕೆಲಸ. ಡೈಕ್ಲೋಫೆನಾಕ್ ಈ ಜಾತಿಯ ರಣಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತದೆ. ಆಗ ಯೂರಿಕ್ ಆಮ್ಲ ರಕ್ತದಲ್ಲಿ ಏರುತ್ತಾ ಹೋಗಿ, ಹೃದಯ, ಯಕೃತ್ತುಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪದರವಾಗಿ ಕೂರುತ್ತದೆ. ಹಕ್ಕಿ ಕತ್ತು ಇಳಿಬಿಟ್ಟು ಕೊಂಬೆಯ ಮೇಲೆಯೇ ಕುಳಿತು ಕೆಲವು ದಿನಗಳಲ್ಲಿ ಸಾಯುತ್ತದೆ. ಅಮೆರಿಕದ ಟರ್ಕಿ ರಣಹದ್ದಿಗಾದರೋ ಇದಕ್ಕಿಂತ ಬಹುಪಟ್ಟು ಹೆಚ್ಚಿನ ಪ್ರಮಾಣ ಕೊಟ್ಟರೂ ಹಾನಿಯಾಗಲಿಲ್ಲವೆಂದು 2008ರ ಒಂದು ಅಧ್ಯಯನ ತಿಳಿಸಿತು. ಹೆಸರಿನಲ್ಲಿ ರಣಹದ್ದುಗಳೇ ಆದ ಎರಡು ಕುಲಗಳ ನಡುವೆ ಇಷ್ಟು ಅಂತರ!

ಕನ್ನಡ ಜೈನ ಪರಂಪರೆಗೆ ಈ ತತ್ತ್ವ ಅಪರಿಚಿತವಾದುದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕೀರ್ತಿವರ್ಮನು ದನಗಳ ಚಿಕಿತ್ಸೆಯನ್ನು ಕುರಿತು 'ಗೋವೈದ್ಯ'ವನ್ನು ರಚಿಸಿದನು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷ ಮತ್ತು ವಿಷಚಿಕಿತ್ಸೆಗಳಿಗಾಗಿಯೇ 'ಖಗೇಂದ್ರಮಣಿದರ್ಪಣ'ವನ್ನು ಬರೆದನು. ಇವರಿಗೂ ಹಿಂದೆ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ 'ಕಲ್ಯಾಣಕಾರಕ'ವು ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ವೈದ್ಯವನ್ನು ಕಟ್ಟಿಕೊಟ್ಟಿತು. ನೃಪತುಂಗನ ಆಸ್ಥಾನದಲ್ಲಿ ಮಾಂಸದ ನಿಷ್ಪ್ರಯೋಜಕತೆಯನ್ನು ಪ್ರತಿಪಾದಿಸಿದ ಹಿತಾಹಿತ ಪ್ರಕರಣವೂ ಅದರಲ್ಲಿ ಸೇರಿದೆ. ಗೋವೈದ್ಯವೂ ವಿಷವೈದ್ಯವೂ ಒಂದೇ ಸಮಾಜದ ವಿದ್ವಾಂಸರ ಕೈಯಲ್ಲಿ ಬೆಳೆದವು. ರೋಗಿಗೆ ಹಿತವಾದ ಮದ್ದು ಮತ್ತೊಂದು ಜೀವಕ್ಕೆ ಅಹಿತವಾಗಬಾರದೆಂಬ ವಿವೇಕ ಆ ಪರಂಪರೆಯದು.

ಮೊದಲನೆಯ ಪ್ರಬಂಧ: ಸತ್ತ ಹಕ್ಕಿಯಿಂದ ಬದುಕಿದ ಹಕ್ಕಿಯ ಕಡೆಗೆ

ಓಕ್ಸ್ ಅವರ ತಂಡವು ಪಾಕಿಸ್ತಾನದ ಪಂಜಾಬಿನಲ್ಲಿ 2000ದಿಂದ 2003ರವರೆಗೆ ಅಧ್ಯಯನ ನಡೆಸಿತು. ಪ್ರಬಂಧದ ಬಹುಭಾಗವು ಯಾವ ಜೀವಿಗೂ ನೋವುಂಟುಮಾಡದ ಕಾರ್ಯವೆಂಬುದು ಅದರ ಮೊದಲ ಗುಣ. ತಾವಾಗಿ ಸತ್ತುಬಿದ್ದ 259 ಹಕ್ಕಿಗಳನ್ನು ತಂಡವು ಪರೀಕ್ಷಿಸಿತು. ಅವುಗಳಲ್ಲಿ 219 ಹಕ್ಕಿಗಳ ಒಳ ಅಂಗಗಳ ಮೇಲೆ ಯೂರಿಕ್ ಆಮ್ಲದ ಬಿಳಿ ಪದರ ಕಂಡಿತು. ಸೋಂಕು, ಕೀಟನಾಶಕ, ಭಾರಲೋಹ ಮುಂತಾದ ಸಂಶಯಗಳನ್ನು ಒಂದೊಂದಾಗಿ ಪರೀಕ್ಷಿಸಿ ಬದಿಗಿರಿಸಲಾಯಿತು. ಬಳಿಕ ತಂಡವು ಪ್ರಯೋಗಾಲಯವನ್ನು ಬಿಟ್ಟು ಪೇಟೆಗೆ ಇಳಿದು, ಈ ಹಕ್ಕಿಯ ಆಹಾರವಾದ ದನಗಳಿಗೆ ಯಾವ ಮದ್ದುಗಳನ್ನು ಕೊಡಲಾಗುತ್ತಿದೆಯೆಂದು ಪಶುವೈದ್ಯರನ್ನೂ ಔಷಧ ವ್ಯಾಪಾರಿಗಳನ್ನೂ ವಿಚಾರಿಸಿತು. ಡೈಕ್ಲೋಫೆನಾಕಿನ ಹೆಸರು ಹೊರಬಂದದ್ದು ಹಾಗೆ. ಬಿಳಿ ಪದರವಿದ್ದ 25 ಹಕ್ಕಿಗಳ ಮೂತ್ರಪಿಂಡಗಳನ್ನು ಪರೀಕ್ಷಿಸಿದಾಗ 25ರಲ್ಲಿಯೂ ಆ ಔಷಧ ದೊರೆಯಿತು. ಬೇರೆ ಕಾರಣಗಳಿಂದ ಸತ್ತಿದ್ದ 13 ಹಕ್ಕಿಗಳಲ್ಲಿ ಒಂದರಲ್ಲಿಯೂ ದೊರೆಯಲಿಲ್ಲ.

ಇಲ್ಲಿಯವರೆಗಿನ ವಿಧಾನವು ಶ್ಲಾಘನೀಯ. ಇದರ ನಂತರದ ಹೆಜ್ಜೆಯೇ ವಿವಾದಾಸ್ಪದವಾದುದು. ಸೆರೆಯಲ್ಲಿದ್ದ ಕೆಲವು ಹಕ್ಕಿಗಳಿಗೆ ಔಷಧವನ್ನು ನೇರವಾಗಿ ಕೊಡಲಾಯಿತು. ಇನ್ನು ಕೆಲವಕ್ಕೆ ಔಷಧ ಪಡೆದ ಜಾನುವಾರುಗಳ ಮಾಂಸವನ್ನು ಉಣಿಸಲಾಯಿತು. ಹಕ್ಕಿಗಳು ಅದೇ ಲಕ್ಷಣಗಳನ್ನು ತೋರಿ ಸತ್ತವು. ಕಾರಣವು ಸಂಶಯಕ್ಕೆ ಎಡೆಯಿಲ್ಲದಂತೆ ಸಿದ್ಧವಾಯಿತು.

ಈ ಹೆಜ್ಜೆಗೆ ಯಾವ ಹೆಸರು ಕೊಡಬೇಕು? ಶ್ರಾವಕಾಚಾರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಅಡಿಗೆ, ಬೇಸಾಯ, ವ್ಯಾಪಾರಗಳಲ್ಲಿ ಅನಿವಾರ್ಯವಾಗಿ ನಡೆಯುವ ಹಿಂಸೆಯಂತೆ ಇದನ್ನು ಪರಿಗಣಿಸಲಾಗದು. ಸಾಯಬಹುದೆಂದು ತಿಳಿದೂ ಜೀವಿಗೆ ವಿಷವನ್ನು ಉಣಿಸಿದ್ದು ಸಂಕಲ್ಪಪೂರ್ವಕವಾದ ಕ್ರಿಯೆ. ಉದ್ದೇಶವು ಉದಾತ್ತವಾದುದೆಂಬ ಕಾರಣದಿಂದ ಆ ಹೆಸರು ಬದಲಾಗಬಾರದು. ವಿಜ್ಞಾನಿಗಳ ಭಾಷೆಯಲ್ಲಿ ಇದು 'ರೋಗವನ್ನು ಪ್ರಾಯೋಗಿಕವಾಗಿ ಪುನರುತ್ಪಾದಿಸುವುದು'. ಈ ತಣ್ಣನೆಯ ಶಬ್ದಗಳ ಹಿಂದೆ ಕತ್ತು ಇಳಿಬಿಟ್ಟ ಹಕ್ಕಿಯೊಂದಿದೆ ಎಂಬುದನ್ನು ಓದುಗರು ಮರೆಯಬಾರದು. ಪ್ರಬಂಧದ ನೈತಿಕ ಕೊರತೆ ಇದು: ಸಾಕ್ಷ್ಯದ ವಿಷಯದಲ್ಲಿ ಅದು ವಿವರವಾಗಿ ಮಾತನಾಡುತ್ತದೆ, ಪ್ರಯೋಗಕ್ಕೆ ಒಳಗಾದ ಜೀವಿಗಳ ಋಣದ ವಿಷಯದಲ್ಲಿ ಮಾತನಾಡುವುದಿಲ್ಲ. ಇಂತಹ ಪತ್ರಿಕೆಗಳ ಸಂಪ್ರದಾಯದಲ್ಲಿಯೇ ಅದಕ್ಕೆ ಸ್ಥಾನವಿಲ್ಲ.

ಹಾಗಾದರೆ 25ಕ್ಕೆ 25, 13ಕ್ಕೆ ಸೊನ್ನೆ ಎಂಬ ಲೆಕ್ಕವೇ ಸಾಲದಾಗಿತ್ತೇ? ವಿವೇಕಿಯಾದ ಗೃಹಸ್ಥನಿಗೆ ಸಾಕಾಗುತ್ತಿತ್ತು. ಮನೆಯ ಹಿಟ್ಟಿನಿಂದ ಇಪ್ಪತ್ತೈದು ಮಂದಿಗೆ ವಿಷಮವಾದರೆ ಇಪ್ಪತ್ತಾರನೆಯವನಿಗೆ ಉಣಿಸಿ ನೋಡುವವರಿಲ್ಲ. ಸರ್ಕಾರದ ಕಡತ ಮತ್ತು ಔಷಧ ಮಾರುಕಟ್ಟೆಗಳ ಲೋಕವು ಹಾಗೆ ನಡೆಯುವುದಿಲ್ಲ. ಒಟ್ಟಿಗೆ ಕಂಡುಬಂದ ಎರಡು ಸಂಗತಿಗಳಲ್ಲಿ ಒಂದು ಮತ್ತೊಂದಕ್ಕೆ ಕಾರಣವೆಂದು ತೋರಿಸದ ಹೊರತು ವಾಡಿಕೆಯಲ್ಲಿರುವ ಸರಕನ್ನು ನಿಷೇಧಿಸುವವರಿಲ್ಲ. ವಿಮರ್ಶೆಯ ಮುಖ್ಯ ಆಕ್ಷೇಪವಿರುವುದು ಇಲ್ಲಿಯೇ. ಔಷಧವನ್ನು ದನದ ಪೇಟೆಗೆ ಬಿಡುವಾಗ, ಸತ್ತ ದನವನ್ನು ಯಾರು ತಿನ್ನುವರು, ತಿಂದವರಿಗೆ ಏನಾಗುವುದು ಎಂದು ಮಾರುವವರಾಗಲಿ ಪರವಾನಗಿ ಕೊಡುವವರಾಗಲಿ ವಿಚಾರಿಸಲಿಲ್ಲ. ನಿರಪಾಯವೆಂದು ತೋರಿಸುವ ಹೊಣೆ ಮದ್ದಿನ ಮೇಲೆ ಬೀಳಲಿಲ್ಲ. ಅಪಾಯವೆಂದು ತೋರಿಸುವ ಹೊಣೆ ಹಕ್ಕಿಯ ಮೇಲೆ ಬಿತ್ತು. ಪ್ರಾಣವನ್ನು ಕೊಟ್ಟಲ್ಲದೆ ಆ ಹೊಣೆಯನ್ನು ನಿರ್ವಹಿಸುವ ಮಾರ್ಗ ಹಕ್ಕಿಗೆ ಇರಲಿಲ್ಲ. ಪ್ರಯೋಗಾಲಯದ ಹಿಂಸೆಗೆ ಮೂಲವು ಪ್ರಯೋಗಾಲಯದ ಹೊರಗಿನ ಪ್ರಮಾದದಲ್ಲಿತ್ತು.

ಎರಡನೆಯ ಪ್ರಬಂಧ: ಕೇಳಿ ನಡೆದ ಪ್ರಯೋಗ

ಡೈಕ್ಲೋಫೆನಾಕನ್ನು ನಿಷೇಧಿಸಿದರೆ ದನದ ನೋವಿಗೆ ಗತಿಯೇನು? ನೋವಿನಿಂದ ನರಳುವ ಹಸುವನ್ನು ಹಕ್ಕಿಗಾಗಿ ಹಾಗೆಯೇ ಬಿಡುವುದೂ ಕಾರುಣ್ಯವಲ್ಲ. ಸ್ವಾನ್ ಅವರ ತಂಡವು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಮೃಗಾಲಯಗಳಲ್ಲಿಯೂ ಪಕ್ಷಿ ಚಿಕಿತ್ಸಾಲಯಗಳಲ್ಲಿಯೂ ಇಂತಹ ಯಾವ ಮದ್ದುಗಳನ್ನು ಈಗಾಗಲೇ ಹದ್ದು, ಗಿಡುಗಗಳಿಗೆ ಕೊಡಲಾಗಿದೆ, ಪರಿಣಾಮವೇನಾಯಿತು ಎಂಬ ವಿಚಾರಣೆ ಮೊದಲು ನಡೆಯಿತು. ಮೆಲಾಕ್ಸಿಕಾಂ ಎಂಬ ಮದ್ದನ್ನು 60 ಜಾತಿಗಳ 700ಕ್ಕೂ ಹೆಚ್ಚು ಹಕ್ಕಿಗಳಿಗೆ ಕೊಟ್ಟಿದ್ದರೂ ಸಾವಿನ ವರದಿ ಇರಲಿಲ್ಲವೆಂದು ಆ ಸಮೀಕ್ಷೆಯ ವಿವರಗಳು 2007ರಲ್ಲಿ ಪ್ರಕಟವಾದವು. ಆಗಲೇ ಇದ್ದ ದಾಖಲೆಗಳನ್ನು ಓದಿದ್ದರಿಂದ ಎಷ್ಟೋ ಹೊಸ ಪ್ರಯೋಗಗಳು ತಪ್ಪಿದವು.

ಅನಂತರ ತಂಡವು ಮೆಟ್ಟಿಲು ಮೆಟ್ಟಿಲಾಗಿ ಮುಂದುವರಿಯಿತು. ಅಳಿವಿನಂಚಿನಲ್ಲಿದ್ದ ಭಾರತೀಯ ರಣಹದ್ದುಗಳನ್ನು ಮುಟ್ಟದೆ, ಅವುಗಳ ಹತ್ತಿರದ ಬಂಧುವಾದ ಆಫ್ರಿಕದ ಬಿಳಿ ಬೆನ್ನಿನ ರಣಹದ್ದನ್ನು ಮೊದಲು ಆಯ್ದುಕೊಂಡಿತು. ಅದರಲ್ಲಿಯೂ ಗಾಯಗೊಂಡು ಮತ್ತೆ ಕಾಡಿಗೆ ಬಿಡಲಾಗದ ಹಕ್ಕಿಗಳಿಂದ ಆರಂಭಿಸಿತು. ರಕ್ತದಲ್ಲಿ ಯೂರಿಕ್ ಆಮ್ಲ ಏರುತ್ತಿದೆಯೇ ಎಂದು ಪರೀಕ್ಷಿಸುತ್ತಾ ಪ್ರಮಾಣವನ್ನು ಹೆಚ್ಚಿಸಿತು. ನಿರಪಾಯವೆಂದು ತಿಳಿದ ಮೇಲೆಯೇ ಭಾರತದಲ್ಲಿ ಸೆರೆಯಲ್ಲಿದ್ದ ಬಿಳಿ ಬೆನ್ನಿನ ಮತ್ತು ಉದ್ದ ಕೊಕ್ಕಿನ ರಣಹದ್ದುಗಳಿಗೆ ಮೆಲಾಕ್ಸಿಕಾಮನ್ನು ಕೊಡಲಾಯಿತು. ಹಕ್ಕಿಗಳು ಸುರಕ್ಷಿತವಾಗಿ ಉಳಿದವು. 2006ರಲ್ಲಿಯೇ ಭಾರತ ಸರ್ಕಾರವು ಪಶುಗಳ ಬಳಕೆಯ ಡೈಕ್ಲೋಫೆನಾಕ್ ತಯಾರಿಕೆಯನ್ನು ನಿಲ್ಲಿಸುವ ಕ್ರಮ ಕೈಗೊಂಡಿತು. ನೇಪಾಳ, ಪಾಕಿಸ್ತಾನಗಳೂ ಅದೇ ವರ್ಷ ಕ್ರಮ ಕೈಗೊಂಡವು. ನಿಷೇಧಕ್ಕೆ ಜೊತೆಯಾಗಿ ಪರ್ಯಾಯವೂ ಸಿದ್ಧವಿದ್ದುದರಿಂದ ಹಸುವಿನ ಹಿತಕ್ಕೂ ಹಕ್ಕಿಯ ಹಿತಕ್ಕೂ ಜಗಳ ಉಳಿಯಲಿಲ್ಲ.

ಎರಡು ಪ್ರಬಂಧಗಳನ್ನು ಹೋಲಿಸಿದರೆ ಎರಡನೆಯದು ನೈತಿಕವಾಗಿ ಮೇಲು. ಇಬ್ಬರೂ ಜೀವಿಗಳ ಮೇಲೆಯೇ ಪರೀಕ್ಷೆ ನಡೆಸಿದರು. ಆದರೆ ಎರಡನೆಯ ತಂಡವು ಸಾವನ್ನು ನಿರೀಕ್ಷಿಸುವುದರ ಬದಲು ಸಾವನ್ನು ತಡೆಯುವ ಎಚ್ಚರದಿಂದ ಪ್ರಯೋಗವನ್ನು ಹೆಣೆಯಿತು. ಪ್ರಾಣಿ ಪ್ರಯೋಗಗಳಲ್ಲಿ ಪರ್ಯಾಯವನ್ನು ಹುಡುಕುವುದು, ಸಂಖ್ಯೆಯನ್ನು ತಗ್ಗಿಸುವುದು, ನೋವನ್ನು ಕಡಿಮೆ ಮಾಡುವುದು ಎಂಬ ಮೂರು ಸೂತ್ರಗಳನ್ನು 1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಮಂಡಿಸಿದ್ದರು. ಭಾರತದ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯೂ ಹೊಸ ಜ್ಞಾನಕ್ಕಾಗಿ ನಡೆಯುವ ಪ್ರಯೋಗಗಳನ್ನು ನಿಷೇಧಿಸದಿದ್ದರೂ, ಸಾಧ್ಯವಿರುವೆಡೆಯಲ್ಲೆಲ್ಲ ಅವುಗಳನ್ನು ತಪ್ಪಿಸಬೇಕೆಂಬ ಆಶಯವನ್ನು ಒಳಗೊಂಡಿದೆ. 2023ರಲ್ಲಿ ಹೊಸ ಔಷಧಗಳ ನಿಯಮಗಳಿಗೆ ತಂದ ತಿದ್ದುಪಡಿಯು, ಜೀವಕೋಶ ಮತ್ತು ಗಣಕಯಂತ್ರಗಳನ್ನು ಆಧರಿಸಿದ ಪ್ರಾಣಿರಹಿತ ಪರೀಕ್ಷೆಗಳಿಗೂ ದಾರಿ ತೆರೆಯಿತು. ಇವೆಲ್ಲವೂ ಸ್ವಾಗತಾರ್ಹ. ರಣಹದ್ದಿನ ಮೂತ್ರಪಿಂಡದಂತಹ ಅಪರೂಪದ ಅಂಗದ ವಿಷಯದಲ್ಲಿ ಇವು ಪೂರ್ಣವಾಗಿ ನೆರವಾಗಲು ಇನ್ನೂ ಕಾಲ ಬೇಕಾದೀತು.

ಪಡೆದ ಜ್ಞಾನದ ಲೆಕ್ಕ

ಪ್ರಾಣದ ಬೆಲೆ ತೆತ್ತು ಪಡೆದ ಜ್ಞಾನವು ಸಾಲದಂತೆ. ಸಾಲ ಮಾಡಿದ್ದೇ ತಪ್ಪೆಂದು ವಾದಿಸುವವರು ವಾದಿಸಲಿ. ಮಾಡಿದ ಮೇಲೆ ತೀರಿಸದಿರುವುದು ನಿಶ್ಚಯವಾಗಿಯೂ ತಪ್ಪು. ಈ ಲೆಕ್ಕದ ಪುಸ್ತಕವನ್ನು ತೆರೆದು ನೋಡಿದರೆ ದೊರೆಯುವ ಚಿತ್ರ ಸಮಾಧಾನಕರವಾಗಿಲ್ಲ.

ಪಶುಗಳಿಗೆ ಡೈಕ್ಲೋಫೆನಾಕ್ ಕೂಡದೆಂದಾದ ಮೇಲೆ, ಮನುಷ್ಯರ ಬಳಕೆಯ 30 ಮಿಲಿಲೀಟರಿನ ದೊಡ್ಡ ಶೀಷೆಗಳು ಕೊಟ್ಟಿಗೆಗೆ ಹೋಗತೊಡಗಿದವು. ಮನುಷ್ಯನಿಗೆ ಒಂದು ಸಲಕ್ಕೆ 3 ಮಿಲಿಲೀಟರು ಸಾಕು. ಆ ದೊಡ್ಡ ಶೀಷೆ ಯಾರಿಗಾಗಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ನಿಷೇಧಿಸಿ ಒಂದೇ ಸಲದ ಸಣ್ಣ ಶೀಷೆಗೆ ಮಿತಿಗೊಳಿಸಿದ್ದು 2015ರಲ್ಲಿ, ಮೊದಲ ಕ್ರಮದ ಒಂಬತ್ತು ವರ್ಷಗಳ ನಂತರ. ಆ ನಿಷೇಧವನ್ನು ತಯಾರಕರು ಪ್ರಶ್ನಿಸಿದಾಗ ಮದರಾಸು ಉಚ್ಚ ನ್ಯಾಯಾಲಯವು 2017ರಲ್ಲಿ ಅದನ್ನು ಎತ್ತಿಹಿಡಿಯಿತು. ಕೀಟೋಪ್ರೊಫೆನ್ ಎಂಬ ಇನ್ನೊಂದು ಮದ್ದೂ ರಣಹದ್ದಿಗೆ ಮಾರಕವೆಂಬ ಪ್ರಯೋಗಫಲ ಪ್ರಕಟವಾದದ್ದು 2010ರಲ್ಲಿ. ಅಸಿಕ್ಲೋಫೆನಾಕ್ ದನದ ದೇಹವನ್ನು ಸೇರಿದೊಡನೆ ಡೈಕ್ಲೋಫೆನಾಕಾಗಿಯೇ ಮಾರ್ಪಡುತ್ತದೆಂಬುದು ಪ್ರಕಟವಾದದ್ದು 2016ರಲ್ಲಿ. ಈ ಎರಡನ್ನೂ ಪಶುಗಳಿಗೆ ನಿಷೇಧಿಸಿದ್ದು 2023ರ ಜುಲೈ ತಿಂಗಳಲ್ಲಿ. ನಿಮೆಸುಲೈಡಿನ ಸರದಿ ಬಂದದ್ದು 2024ರ ಕೊನೆಗೆ. ಹಕ್ಕಿಗಳು ಸತ್ತು ಕೊಟ್ಟ ಸಾಕ್ಷ್ಯವು ಹದಿಮೂರು ವರ್ಷ ಕಡತದಲ್ಲಿ ಮಲಗಿದ್ದರೆ, ಪ್ರಯೋಗವನ್ನು ಸಮರ್ಥಿಸಬಹುದಾಗಿದ್ದ ಒಂದೇ ಕಾರಣವೂ ಕೈಬಿಟ್ಟಂತೆ. ಉಪಯೋಗವಾಗದ ಜ್ಞಾನಕ್ಕಾಗಿ ಮಾಡಿದ ಹಿಂಸೆ ಇಮ್ಮಡಿ ಹಿಂಸೆ.

ಪ್ರಮಾಣದ ವಿಚಾರವನ್ನೂ ಗಮನಿಸಬೇಕು. ಅರ್ಧದಷ್ಟು ಹಕ್ಕಿಗಳು ಸಾಯುವ ಪ್ರಮಾಣವು ಪ್ರತಿ ಕಿಲೋಗ್ರಾಂ ತೂಕಕ್ಕೆ 0.098ರಿಂದ 0.225 ಮಿಲಿಗ್ರಾಂ ಎಂದು 2006ರ ಇನ್ನೊಂದು ಅಧ್ಯಯನವು ಅಂದಾಜು ಮಾಡಿತು. ಐದು ಕಿಲೋ ತೂಗುವ ಹಕ್ಕಿಗೆ ಇದು ಹೆಚ್ಚೆಂದರೆ ಒಂದು ಮಿಲಿಗ್ರಾಮಿಗಿಂತ ತುಸು ಮೇಲೆ. ಮನುಷ್ಯರು ನುಂಗುವ ಸಾಮಾನ್ಯ ಗುಳಿಗೆಯೊಂದರಲ್ಲಿ 50 ಮಿಲಿಗ್ರಾಂ ಇರುತ್ತದೆ. ಅಷ್ಟು ಮದ್ದು ನಲವತ್ತಕ್ಕೂ ಹೆಚ್ಚು ಹಕ್ಕಿಗಳ ಪಾಲಿಗೆ ಈ ಪ್ರಮಾಣಕ್ಕೆ ಸಮ. ಬಯಲಿನಲ್ಲಿ ಬಿದ್ದ ನೂರು ಕಳೇಬರಗಳಲ್ಲಿ ಒಂದಕ್ಕಿಂತಲೂ ಕಡಿಮೆ ವಿಷಯುಕ್ತವಾಗಿದ್ದರೂ ಇಡೀ ಕುಲದ ಪತನಕ್ಕೆ ಸಾಕೆಂದು 2004ರ ಗಣನೆಯೊಂದು ತೋರಿಸಿತ್ತು. ಒಂದು ಕಳೇಬರಕ್ಕೆ ಹತ್ತಾರು ಹಕ್ಕಿಗಳು ಒಟ್ಟಿಗೆ ಇಳಿಯುವುದರಿಂದ ಹೀಗಾಗುತ್ತದೆ. ನಿಷೇಧಕ್ಕೆ ಮುನ್ನ ಭಾರತದಲ್ಲಿ ಪರೀಕ್ಷಿಸಿದ 1848 ಕಳೇಬರಗಳಲ್ಲಿ ನೂರಕ್ಕೆ ಹತ್ತರಲ್ಲಿ ಈ ಮದ್ದು ಕಂಡಿತ್ತು. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿ ಈ ನಷ್ಟವನ್ನು ಹೇಗೆ ತುಂಬಿಕೊಂಡೀತು?

ನಷ್ಟವು ಹಕ್ಕಿಯೊಂದಿಗೆ ನಿಲ್ಲಲಿಲ್ಲ. ಕೊಳೆತ ಕಳೇಬರಗಳು ನೀರಿಗೆ ಸೇರಿದವು, ಬೀದಿನಾಯಿಗಳು ಹೆಚ್ಚಿದವು. ರಣಹದ್ದುಗಳು ಕಣ್ಮರೆಯಾದುದರಿಂದ 2000ದಿಂದ 2005ರ ಅವಧಿಯಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷದಷ್ಟು ಹೆಚ್ಚುವರಿ ಮಾನವ ಮರಣಗಳು ಸಂಭವಿಸಿದುವೆಂದು ಐಯಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂದಾಜು ಮಾಡಿದ್ದಾರೆ. ಜೀವಿಗಳು ಒಂದಕ್ಕೊಂದು ಆಸರೆಯೆಂಬ ಉಮಾಸ್ವಾತಿಗಳ ತತ್ತ್ವಕ್ಕೆ ಅಂಕಿಅಂಶಗಳ ಭಾಷ್ಯ ದೊರೆತಂತಾಗಿದೆ.

ಗೋಶಾಲೆಯ ಔಷಧದ ಕಪಾಟು

ಆಹಾರ, ಅಭಯ, ಔಷಧ, ಶಾಸ್ತ್ರ ಈ ನಾಲ್ಕು ದಾನಗಳನ್ನು ಸಮಾಜವು ಶತಮಾನಗಳಿಂದ ಪಾಲಿಸಿಕೊಂಡು ಬಂದಿದೆ. ಮುದಿ ಹಸುವಿಗೆ ನೋವಿನ ಚುಚ್ಚುಮದ್ದು ಕೊಡಿಸುವುದು ಔಷಧದಾನವೇ ಸರಿ. ಆ ಹಸು ಕೆಲವೇ ದಿನಗಳಲ್ಲಿ ಸತ್ತು ಬಯಲು ಸೇರಿದರೆ, ದಾನದ ಶೇಷವು ಇನ್ನೊಂದು ಜೀವಿಯ ಅಭಯವನ್ನು ಕಿತ್ತುಕೊಳ್ಳುತ್ತದೆ. ಗೋಶಾಲೆಗಳಲ್ಲಿರುವ ರಾಸುಗಳು ಬಹುಪಾಲು ಮುದಿಯಾದವು, ಗಾಯಗೊಂಡವು, ಸಾವಿನ ಸಮೀಪದಲ್ಲಿರುವವು. ನೋವಿನ ಮದ್ದಿಗೂ ಮರಣಕ್ಕೂ ನಡುವಿನ ಅಂತರ ಅಲ್ಲಿ ಇತರೆಡೆಗಿಂತ ಕಡಿಮೆ. ಆದುದರಿಂದ ಕೊಟ್ಟಿಗೆಯ ರೈತನಿಗಿಂತ ಗೋಶಾಲೆಯ ಟ್ರಸ್ಟಿಗೆ ಹೊಣೆ ಹೆಚ್ಚು.

ಉದ್ದೇಶ ಒಳ್ಳೆಯದಿತ್ತು ಎಂಬ ಸಮಾಧಾನ ಇಲ್ಲಿ ಸಲ್ಲದು. ತತ್ತ್ವಾರ್ಥಸೂತ್ರವು ಹಿಂಸೆಯನ್ನು ವ್ಯಾಖ್ಯಾನಿಸುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನು ಹೆಸರಿಸುತ್ತದೆ. ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಇದನ್ನು ವಿಸ್ತರಿಸಿ, ಎಚ್ಚರದಿಂದ ನಡೆಯುವವನಿಗೂ ಎಚ್ಚರಗೆಟ್ಟು ನಡೆಯುವವನಿಗೂ ಇರುವ ಅಂತರವನ್ನು ತಿಳಿಸಿದ್ದಾರೆ. 2004ಕ್ಕೆ ಮುನ್ನ ಡೈಕ್ಲೋಫೆನಾಕ್ ಕೊಡಿಸಿದ ಧರ್ಮಾತ್ಮರಿಗೆ ಅದರ ಪರಿಣಾಮ ತಿಳಿದಿರಲಿಲ್ಲ. ತಿಳಿದ ಮೇಲೂ ವಿಚಾರಿಸದೆ ಅಂಗಡಿಯವನು ಕೊಟ್ಟ ಶೀಷೆಯನ್ನು ಕಪಾಟಿಗೆ ಸೇರಿಸುವುದು ಪ್ರಮಾದ. ವಸ್ತುವನ್ನು ಎತ್ತುವಾಗ ಇಡುವಾಗ ವಹಿಸಬೇಕಾದ ಎಚ್ಚರಕ್ಕೆ ಆದಾನನಿಕ್ಷೇಪಣ ಸಮಿತಿಯೆಂದೂ, ತ್ಯಾಜ್ಯವನ್ನು ನಿರ್ಜೀವ ಸ್ಥಳ ನೋಡಿ ವಿಸರ್ಜಿಸುವ ಎಚ್ಚರಕ್ಕೆ ಉತ್ಸರ್ಗ ಸಮಿತಿಯೆಂದೂ ಹೆಸರು. ಮುನಿಗಳಿಗೆ ವಿಹಿತವಾದ ಈ ಸಮಿತಿಗಳ ಅಂಶವನ್ನಾದರೂ ಔಷಧದ ಶೀಷೆಗೂ ಸತ್ತ ರಾಸಿನ ದೇಹಕ್ಕೂ ಅನ್ವಯಿಸುವುದು ಗೃಹಸ್ಥರಿಗೆ ಕಷ್ಟವಾಗದು.

ಪ್ರಾಣಿಗಳ ಮೇಲಿನ ಪ್ರಯೋಗವೆಂದರೆ ಮುಖ ತಿರುಗಿಸಿ, ಅದರ ಫಲವನ್ನು ಓದಲೂ ನಿರಾಕರಿಸುವ ಪ್ರವೃತ್ತಿ ಕೆಲವರಲ್ಲಿದೆ. ಮನೆಯಲ್ಲಿ ನುಂಗುವ ಗುಳಿಗೆಯೂ ಗೋಶಾಲೆಯಲ್ಲಿ ಚುಚ್ಚುವ ಮದ್ದೂ ಇಂತಹ ಪರೀಕ್ಷೆಗಳನ್ನು ದಾಟಿಯೇ ಬಂದಿರುತ್ತವೆ. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಬಳಕೆದಾರನು ಮೂರನೆಯದರಿಂದ ಪೂರ್ಣವಾಗಿ ಪಾರಾಗಲಾರನು. ಫಲವನ್ನು ಅನುಭವಿಸಿ, ಅದು ಹೇಳುವ ಎಚ್ಚರಿಕೆಯನ್ನು ಮಾತ್ರ ಕೇಳಿಸಿಕೊಳ್ಳದಿರುವುದು ನ್ಯಾಯವಾಗದು. ಪ್ರಯೋಗವನ್ನು ಹಿಂಸೆಯೆಂದು ಕರೆಯುವ ನೈತಿಕ ಅಧಿಕಾರವು, ಅಂತಹ ಇನ್ನೊಂದು ಪ್ರಯೋಗ ಬೇಕಾಗದಂತೆ ನಡೆದುಕೊಳ್ಳುವವರಿಗೇ ಸಲ್ಲುತ್ತದೆ.

ಆಚರಣೆಯ ಮಾರ್ಗ ಸರಳವಾಗಿದೆ. ಗೋಶಾಲೆಯ ಔಷಧಗಳನ್ನು ಕಂಪನಿಯ ಹೆಸರಿನಿಂದ ಗುರುತಿಸದೆ, ಶೀಷೆಯ ಮೇಲಿನ ಮೂಲದ್ರವ್ಯದ ಹೆಸರಿನಿಂದ ಗುರುತಿಸಬೇಕು. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಕೀಟೋಪ್ರೊಫೆನ್, ನಿಮೆಸುಲೈಡ್ ಈ ನಾಲ್ಕು ಕಪಾಟಿನಲ್ಲಿದ್ದರೆ ತೆಗೆಯಬೇಕು. ಮನುಷ್ಯರ ಔಷಧವನ್ನು ರಾಸಿಗೆ ಬಳಸಗೊಡಬಾರದು. ನೋವಿಗೆ ಮೆಲಾಕ್ಸಿಕಾಮನ್ನಾಗಲಿ, ಅನಂತರದ ಪರೀಕ್ಷೆಗಳಲ್ಲಿ ರಣಹದ್ದಿಗೆ ನಿರಪಾಯವೆಂದು ಕಂಡುಬಂದಿರುವ ಟಾಲ್ಫೆನಾಮಿಕ್ ಆಮ್ಲವನ್ನಾಗಲಿ ಕೊಡುವಂತೆ ಪಶುವೈದ್ಯರನ್ನು ಕೋರಬೇಕು. ಪರೀಕ್ಷೆಯಾಗದ ಹೊಸ ಮದ್ದನ್ನು ನಿರಪಾಯವೆಂದು ಭಾವಿಸಬಾರದು. ಯಾವ ರಾಸಿಗೆ, ಯಾವ ದಿನ, ಯಾವ ಮದ್ದು, ಎಷ್ಟು ಎಂಬುದನ್ನು ದಾಖಲಿಸುವ ಪುಸ್ತಕವಿರಬೇಕು. ಸಂಶಯದ ಮದ್ದು ಪಡೆದ ರಾಸು ಸತ್ತರೆ ಅದನ್ನು ಬಯಲಿಗೆ ಸಾಗಿಸದೆ ಆಳವಾಗಿ ಹೂಳಬೇಕು.

ವಿಮಲಸೂರಿ, ರವಿಷೇಣರ ಜೈನ ರಾಮಕಥೆಗಳಲ್ಲಿ ಜಟಾಯುವು ಚಾರಣಮುನಿಗಳ ದರ್ಶನದಿಂದ ಪೂರ್ವಜನ್ಮವನ್ನು ಸ್ಮರಿಸಿ ಅಣುವ್ರತಗಳನ್ನು ಸ್ವೀಕರಿಸಿದ ಗೃಧ್ರ. ರಾಮ ಸೀತೆಯರು ಸಾಕಿದ ಶ್ರಾವಕ. ಹದ್ದನ್ನು ಹೀನವೆಂದೂ ಅಪಶಕುನವೆಂದೂ ದೂರವಿಡುವ ಲೋಕರೂಢಿಗೆ ಆ ಕಾವ್ಯಗಳಲ್ಲಿ ಸ್ಥಾನವಿಲ್ಲ. ಹಸುವಿಗೆ ತೋರಿಸುವ ಕರುಣೆಗೆ ಅರ್ಹತೆ ಹದ್ದಿಗೂ ಇದೆಯೆಂಬುದನ್ನು ಆ ಕಥೆಯನ್ನು ಓದಿಕೊಂಡು ಬಂದ ಮನೆತನಗಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಟ್ರಸ್ಟುಗಳ ಕಾರ್ಯಕಾರಿ ಸಭೆಗಳಲ್ಲಿ ಮೇವಿನ ಖರ್ಚು, ಕಟ್ಟಡದ ಖರ್ಚುಗಳ ಜೊತೆಗೆ ಔಷಧದ ದಾಖಲೆ ಪುಸ್ತಕವೂ ಮೇಜಿನ ಮೇಲೆ ಬರಲಿ; ಅದನ್ನು ಒಬ್ಬ ಟ್ರಸ್ಟಿ ಓದಿ ಸಹಿ ಮಾಡಲಿ. ಪ್ರಯೋಗಗಳಲ್ಲಿ ಪ್ರಾಣಬಿಟ್ಟ ಹಕ್ಕಿಗಳ ಸಾಲವನ್ನು ತೀರಿಸುವ ಮೊದಲ ಕಂತು ಅಷ್ಟೇ.